ಮೇಷ್ಟ್ರು ಬಾಯಿಪಾಠ ಮಾಡಿಸಿದ ವಾಕ್ಯ

ಒಲೆಯ ಮೇಲೆ ಹಾಲಿಟ್ಟು ನಿಂತಿದ್ದೆ. ಶಿಡ್ಲಘಟ್ಟದಿಂದ ಅಮ್ಮಾವರ ಫೋನು ಬಂತು. ಅಮ್ಮಾವರು ಎಂದರೆ ನಮ್ಮ ಮೇಷ್ಟ್ರ ಹೆಂಡತಿ. "ಮೇಷ್ಟ್ರಿಗೆ ಸ್ವಲ್ಪ ಸೀರಿಯಸ್ಸು ಕಣಮ್ಮ. ಬಂದ್ಬಿಡು" ಎಂದರು. ಯಾವ ಆಸ್ಪತ್ರೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಲೆ ಆರಿಸಿ ಹಜಾರಕ್ಕೆ ಬಂದು "ಮೇಷ್ಟ್ರು ಹೋಗ್ಬಿಟ್ರಂತೆ" ಎಂದೆ. ನನ್ನ ಗಂಡ ಪೇಪರ್ ಮಡಿಸಿಟ್ಟು, ಏನೂ ಕೇಳದೆ ಬೈಕಿನ ಕೀ ಹುಡುಕತೊಡಗಿದರು.

ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಚಿಂತಾಮಣಿಯಾಗಲಿ ಗೌರಿಬಿದನೂರಾಗಲಿ, ಮನೆಯಲ್ಲಿ ಸಾವಾದರೆ ದೂರದವರಿಗೆ ಮೊದಲು ಮುಟ್ಟುವ ಸುದ್ದಿ "ಸೀರಿಯಸ್ಸು, ಹೊರಟು ಬನ್ನಿ" ಎಂದೇ. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ನಿಜವಾಗಿಯೂ ಸೀರಿಯಸ್ಸಾಗಿದ್ದರೆ ನಾವು "ಏನಿಲ್ಲ, ಪರವಾಗಿಲ್ಲ, ಆದ್ರೂ ಒಂದ್ಸಲ ಬಂದು ನೋಡ್ಕೊಂಡು ಹೋಗಿ" ಎನ್ನುತ್ತೇವೆ. ದಾರಿಯುದ್ದಕ್ಕೂ ಮನಸ್ಸು ಸ್ವಲ್ಪ ಸ್ವಲ್ಪವಾಗಿ ಒಪ್ಪಿಕೊಳ್ಳಲಿ ಎಂದು ಹಿಂದೆ ಯಾರೋ ಪುಣ್ಯಾತ್ಮರು ಮಾಡಿಟ್ಟ ಏರ್ಪಾಡಿರಬೇಕು. ಅದೇ ಏರ್ಪಾಡು ನಮ್ಮ ಮೇಷ್ಟ್ರನ್ನು ಒಂದು ಸಲ ಎಂಥ ಜಾಗದಲ್ಲಿ ತಂದು ನಿಲ್ಲಿಸಿತ್ತು ಎಂಬುದನ್ನು ಕಣ್ಣಾರೆ ಕಂಡವಳು ನಾನು. ಆದ್ದರಿಂದ ಬೈಕಿನ ಹಿಂದೆ ಕೂತು ಶಿಡ್ಲಘಟ್ಟಕ್ಕೆ ಹೋಗುವಾಗ ನನಗೆ ಅಳುವಿಗಿಂತ ಮೊದಲು ಬಂದದ್ದು ಭಯ. ಇನ್ನೊಬ್ಬರಿಗೆ ಈ ಸುದ್ದಿ ಹೇಳುವ ಕೆಲಸವನ್ನು ಮೇಷ್ಟ್ರು ನನ್ನ ತಲೆಗೆ ಕಟ್ಟಿ ಹೋಗಿದ್ದರು.

ಅವರನ್ನು ಮೊದಲು ನೋಡಿದ್ದು ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ. ಏಷ್ಯಾದ ಭಾಷೆ ಮತ್ತು ಸಂಸ್ಕೃತಿಗಳ ಎಂ.ಎ.ಗೆ ನಾನು ಅರ್ಜಿ ಹಾಕಿದ್ದು ಏಷ್ಯಾದ ಮೇಲಿನ ಪ್ರೀತಿಯಿಂದಲ್ಲ. ನನ್ನ ಮಾರ್ಕ್ಸಿಗೆ ಬೇರೆಲ್ಲೂ ಸೀಟು ಸಿಕ್ಕಿರಲಿಲ್ಲ. ವಿಭಾಗವೆಂದರೆ ಕಾರಿಡಾರಿನ ಕೊನೆಯ ಒಂದು ಕೋಣೆ, ಅದರ ಪಕ್ಕದಲ್ಲಿ ಮುರಿದ ಬೆಂಚುಗಳನ್ನು ತುಂಬಿದ್ದ ಇನ್ನೊಂದು. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಅರ್ಧ ತೋಳಿನ ಶರಟು ತೊಟ್ಟು, ಟಿಫನ್ ಡಬ್ಬಿಯಿಂದ ಉಪ್ಪಿಟ್ಟು ತಿನ್ನುತ್ತಿದ್ದವರನ್ನು ನೋಡಿ ಗುಮಾಸ್ತರೇ ಇರಬೇಕೆಂದುಕೊಂಡು, "ಮೇಷ್ಟ್ರು ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದೆ.

"ಬಂದು ಉಪ್ಪಿಟ್ಟು ತಿಂತಿದಾರೆ. ಕೂತ್ಕೊಳಮ್ಮ. ಎಷ್ಟು ಭಾಷೆ ಬರುತ್ತೆ?"

"ಕನ್ನಡ, ಇಂಗ್ಲಿಷು ಸಾರ್."

"ಯಾವೂರು?"

"ಚಿಂತಾಮಣಿ."

"ಚಿಂತಾಮಣಿ ಮಾರ್ಕೆಟ್ಟಲ್ಲಿ ತರಕಾರಿ ಚೌಕಾಸಿ ಯಾವ ಭಾಷೇಲಿ ಮಾಡ್ತೀಯ?"

"ತೆಲುಗಲ್ಲಿ."

"ಬಳೆ ಅಂಗಡೀಲಿ?"

"ಅಲ್ಲಿ ಉರ್ದು ಸಾರ್. ಏನೋ ಸ್ವಲ್ಪ ಬರುತ್ತೆ."

"ಮತ್ತೆ ನಾಲ್ಕು ಇಟ್ಕೊಂಡು ಎರಡೇ ಅಂತ ಯಾಕೆ ಸುಳ್ಳು ಹೇಳ್ತೀಯ? ಐದನೇದು ಕಲಿಯೋಕೆ ಬಂದಿದೀಯ, ಅಷ್ಟೇ ತಾನೆ."

ಮಾರ್ಕ್ಸ್ ಕಾರ್ಡ್ ತೆಗೆದು ಕೊಟ್ಟರೆ ಅದನ್ನು ಅವರು ನೋಡಲೇ ಇಲ್ಲ. ಚಿಂತಾಮಣಿಯಲ್ಲಿ ಹುಟ್ಟಿದ್ದು ಒಂದು ಯೋಗ್ಯತೆ ಎಂದು ನನಗೆ ಅನ್ನಿಸಿದ್ದು ಜೀವನದಲ್ಲಿ ಅದೇ ಮೊದಲು.

ಅವರು ಕಲಿಸುತ್ತಿದ್ದದ್ದು ಜಪಾನಿ. ಶಿಡ್ಲಘಟ್ಟದ ಪಕ್ಕದ ಹಳ್ಳಿಯ ರೇಷ್ಮೆ ಸಾಕುವ ಮನೆಯವರು ಜಪಾನಿಗೆ ಹೇಗೆ ಹೋಗಿ ಬಿದ್ದರು ಎಂದು ಕೇಳಿದರೆ ಒಂದೇ ಕಥೆ ಹೇಳುತ್ತಿದ್ದರು. ಅವರು ಚಿಕ್ಕವರಿದ್ದಾಗ ರೇಷ್ಮೆ ಹುಳು ನೋಡಲು ಒಬ್ಬ ಜಪಾನಿನ ತಜ್ಞರು ಹಳ್ಳಿಗೆ ಬಂದಿದ್ದರಂತೆ. ಜೊತೆಗಿದ್ದ ನಮ್ಮ ಅಧಿಕಾರಿಗಳೆಲ್ಲ ಬೂಟು ಹಾಕಿಕೊಂಡೇ ಹುಳು ಮನೆಗೆ ನುಗ್ಗಿದರೆ, ಆತ ಮಾತ್ರ ಹೊಸ್ತಿಲಲ್ಲಿ ಬೂಟು ಬಿಚ್ಚಿ, ಸೊಪ್ಪು ಹಾಕುತ್ತಿದ್ದ ಇವರ ತಾಯಿಗೆ ಸೊಂಟ ಬಾಗಿಸಿ ನಮಸ್ಕರಿಸಿದರಂತೆ. ತಾಯಿ ಆ ರಾತ್ರಿ ಊಟಕ್ಕೆ ಬಡಿಸುತ್ತಾ "ಅವ್ನು ಯಾರೋ ನಮ್ಮೋನೇ ಕಣೋ" ಎಂದರಂತೆ. "ಅದ್ಯಾಕೆ ಹಂಗಂದ್ಳು ಅಂತ ಕಂಡುಹಿಡಿಯೋಕೆ ಓದ್ತಾನೇ ಇದೀನಿ" ಎಂದು ಮೇಷ್ಟ್ರು ಕಥೆ ಮುಗಿಸುತ್ತಿದ್ದರು. ವಿಚಿತ್ರವೆಂದರೆ ಅವರು ಜಪಾನನ್ನು ನೋಡಿರಲಿಲ್ಲ. ಒಮ್ಮೆ ಹೋಗಬೇಕಿದ್ದಾಗ ತಾಯಿ ಹಾಸಿಗೆ ಹಿಡಿದರು, ಇನ್ನೊಮ್ಮೆ ಅವರ ಬದಲು ಬೇರೆಯವರ ಹೆಸರು ಹೋಯಿತು. ಶಿಡ್ಲಘಟ್ಟದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ದಿನವೂ ಓಡಾಡಿ ಅವರು ಕಾಣದ ದೇಶವೊಂದನ್ನು ನಮಗೆ ಕಲಿಸಿದರು.

ಕಲಿಸುತ್ತಿದ್ದ ರೀತಿಯೇ ಬೇರೆ. "ನಿಘಂಟು ನಿನ್ನನ್ನ ಬಾಗ್ಲು ತಂಕ ಬಿಡುತ್ತೆ. ಒಳಗೆ ಹೋಗಿ ಚಾಪೆ ಮೇಲೆ ಕೂತ್ಕೊಳೋದು ನಿನ್ನ ಕೆಲ್ಸ" ಎನ್ನುತ್ತಿದ್ದರು. ಒಂದು ಸಲ ಮನೆಗೆಲಸವಾಗಿ, ನಮ್ಮೂರಲ್ಲಿ ಜನ "ಇಲ್ಲ" ಎನ್ನದೆ ಹೇಗೆ ಇಲ್ಲ ಎನ್ನುತ್ತಾರೆ ಎಂದು ಗಮನಿಸಿಕೊಂಡು ಬನ್ನಿ ಎಂದರು. "ನೋಡಣ ಬಿಡಿ", "ಮನೇಲಿ ಕೇಳಿ ಹೇಳ್ತೀನಿ", "ಈ ತಿಂಗ್ಳು ಕಳೀಲಿ", ಹೀಗೆ ಹೊತ್ತುಕೊಂಡು ಬಂದೆವು. ಮೇಷ್ಟ್ರಿಗೆ ಖುಷಿಯೋ ಖುಷಿ. ಜಪಾನಿನವರೂ ಹೀಗೆಯೇ "ಸ್ವಲ್ಪ…" ಎಂದು ಮಾತನ್ನು ಅರ್ಧಕ್ಕೆ ಬಿಟ್ಟರೆ ಕೆಲಸ ಆಗುವುದಿಲ್ಲ ಎಂದು ತಿಳಿಯಬೇಕು ಎಂದರು. ಕಾಫಿ ಬೇಡ ಬೇಡ ಎನ್ನುತ್ತಲೇ ಕುಡಿಯುವ ಅತಿಥಿಯನ್ನು ಎರಡೂ ದೇಶಗಳ ರೀತಿಯಲ್ಲಿ ಅಭಿನಯಿಸಿ ತೋರಿಸಿದರು. "ಜಪಾನೀಯರು ಶಿಸ್ತಿನ ಜನ" ಎಂದು ನಾನು ಪರೀಕ್ಷೆಯಲ್ಲಿ ಬರೆದಿದ್ದ ಸಾಲನ್ನು ಪೇಪರ್ ಹರಿಯುವಷ್ಟು ಜೋರಾಗಿ ಹೊಡೆದುಹಾಕಿ, ಪಕ್ಕದಲ್ಲಿ "ಎಷ್ಟು ಜನರನ್ನು ಕಂಡಿದ್ದೀಯೆ?" ಎಂದು ಬರೆದಿದ್ದರು. ಆ ಪ್ರಶ್ನೆಯನ್ನು ಅವರಿಗೇ ಕೇಳಬಹುದಿತ್ತು. ಆದರೆ ಅಷ್ಟು ಧೈರ್ಯ ನಮ್ಮ ಕ್ಲಾಸಿನಲ್ಲಿ ಯಾರಿಗೂ ಇರಲಿಲ್ಲ.

ನಾನು ಓದು ಮುಗಿಸಿ, ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದು, ಕಾರ್ಖಾನೆಗಳ ಜಪಾನಿ ಕಾಗದಪತ್ರಗಳನ್ನು ಕನ್ನಡಕ್ಕೆ ಮಾಡಿಕೊಡುತ್ತಾ ಇದ್ದ ಕಾಲದಲ್ಲಿ ಕೆಂತ ಬಂದ. ಅವನು ಜಪಾನಿನ ವಿದ್ಯಾರ್ಥಿ. ನಾವು ಇಲ್ಲಿ ಕೂತು ಅವರನ್ನು ಓದಿದಂತೆ ಅವನು ಅಲ್ಲಿ ಕೂತು ನಮ್ಮನ್ನು ಓದುತ್ತಿದ್ದ. ನಾಗರಕಲ್ಲುಗಳ ಬಗ್ಗೆ ಪ್ರಬಂಧ ಬರೆಯಲು ವರ್ಷದ ಮಟ್ಟಿಗೆ ಬಂದವನು ಹಾಸ್ಟೆಲಿನ ಊಟ ಸೇರದೆ ಮೇಷ್ಟ್ರ ಮನೆಯಲ್ಲೇ ಬಿಡಾರ ಹೂಡಿದ. ಅಮ್ಮಾವರಿಗೆ ಅವನ ಹೆಸರು ನಾಲಿಗೆಗೆ ಹತ್ತದೆ ಕೆಂಚಪ್ಪ ಎಂದು ಕರೆದರು, ಬೀದಿಗೆಲ್ಲ ಕೆಂಚಪ್ಪನಾದ. ಮುದ್ದೆಯನ್ನು ಅಗಿದು ಅಗಿದು ತಿನ್ನುತ್ತಿದ್ದವನಿಗೆ "ನುಂಗಪ್ಪ, ಅಗೀಬಾರ್ದು" ಎಂದು ಅಮ್ಮಾವರು ಕಲಿಸಿದರು. ಮನೆ ಬಿಡುವಾಗ ನಾವು "ಹೋಗ್ತೀನಿ" ಎನ್ನುವುದಿಲ್ಲ, "ಹೋಗಿ ಬರ್ತೀನಿ" ಎನ್ನುತ್ತೇವೆ ಎಂದು ತಿಳಿದಾಗ ಅವನು ಎದ್ದು ನಿಂತುಬಿಟ್ಟನಂತೆ. ಅವನ ಭಾಷೆಯಲ್ಲೂ ಮನೆ ಬಿಡುವವರು ಅದನ್ನೇ, ಅದೇ ಅರ್ಥದಲ್ಲಿ ಹೇಳುತ್ತಾರೆ. ಮೇಷ್ಟ್ರು ನನಗೆ ಫೋನ್ ಮಾಡಿ, "ನಮ್ಮಮ್ಮ ಹೇಳಿದ್ದು ಸುಳ್ಳಲ್ಲ ಕಣಮ್ಮ" ಎಂದು ಅಷ್ಟು ದೊಡ್ಡವರು ಮಗುವಿನ ಹಾಗೆ ಸಂಭ್ರಮಪಟ್ಟಿದ್ದರು.

ಒಂದು ಬೆಳಿಗ್ಗೆ ಕೆಂತ "ಹೋಗ್ಬರ್ತೀನಮ್ಮ" ಎಂದು ಹೇಳಿ ವಿದುರಾಶ್ವತ್ಥದ ನಾಗರಕಲ್ಲುಗಳನ್ನು ನೋಡಲು ಹೋದ. ಮರಳುವಾಗ ಪೆರೇಸಂದ್ರದಲ್ಲಿ ಬಸ್ ಬದಲಿಸಬೇಕಿತ್ತು. ಹೆದ್ದಾರಿ ದಾಟುವಾಗ ಲಾರಿ ಹೊಡೆಯಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ತರುವಷ್ಟರಲ್ಲಿ ಜೀವ ಇರಲಿಲ್ಲ.

ಅವನ ಜೇಬಿನಲ್ಲಿದ್ದ ಚೀಟಿಯ ನಂಬರಿಗೆ ಯಾರೋ ಫೋನ್ ಮಾಡಿದ್ದರಿಂದ ಮೇಷ್ಟ್ರು ಮೊದಲು ತಲುಪಿದರು, ನಾನು ಆಮೇಲೆ. ಅವನಿಗೆ ತಂದೆ ಇರಲಿಲ್ಲ. ತಾಯಿ ಒಬ್ಬರೇ ಯಾವುದೋ ಬೆಟ್ಟದ ಹಳ್ಳಿಯಲ್ಲಿದ್ದರು. ಬೇರೆ ಯಾರ ಬಾಯಿಂದಲೋ ಇಂಗ್ಲಿಷಿನಲ್ಲಿ ಆ ತಾಯಿಗೆ ಸುದ್ದಿ ಹೋಗುವುದು ಬೇಡ, ತಾವೇ ಹೇಳಬೇಕು ಎಂದು ಮೇಷ್ಟ್ರು ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ಹೋಗಿ ನಿಂತು ಜಪಾನಿಗೆ ಫೋನ್ ಮಾಡಿದರು. ನಾನು ದೂರದಲ್ಲಿದ್ದೆ, ಮಾತು ಕೇಳಿಸಲಿಲ್ಲ. ಫೋನಿಟ್ಟು ಬಂದು, "ಹೇಳ್ದೆ. ಹೊರಡ್ತಾರಂತೆ" ಎಂದರು. ದೂತಾವಾಸದವರು ಫೋನಿನಲ್ಲಿ "ಮನೆಯವರಿಗೆ ತಿಳಿಸಿದ್ದೀರಾ?" ಎಂದು ಕೇಳಿದಾಗಲೂ "ತಾಯಿಗೆ ನಾನೇ ತಿಳಿಸಿದ್ದೀನಿ" ಎಂದರು. ಅವರು ಮರುದಿನ ಬರುತ್ತೇವೆ ಎಂದರು. ತಾಯಿಗೆ ವಿಷಯ ಗೊತ್ತಿದೆ ಎಂದು ನಾವೆಲ್ಲರೂ ತಿಳಿದುಕೊಂಡೆವು. ಮೇಷ್ಟ್ರೂ ಹಾಗೆಯೇ ತಿಳಿದಿದ್ದರು.

ಮಾರನೆಯ ದಿನ ವಿಮಾನ ನಿಲ್ದಾಣಕ್ಕೆ "ಹೆಂಗಸೊಬ್ರು ಜೊತೆಗಿರ್ಲಿ ಬಾಮ್ಮ" ಎಂದು ನನ್ನನ್ನು ಕರೆದುಕೊಂಡು ಹೋದರು. ಆ ತಾಯಿ ಸಣ್ಣ ಆಳು. ಅತ್ತಂತೆ ಕಾಣಲಿಲ್ಲ. ಕೈಯಲ್ಲಿ ಬಟ್ಟೆ ಸುತ್ತಿದ ಗಂಟೊಂದನ್ನು ಬಿಗಿಯಾಗಿ ಹಿಡಿದಿದ್ದರು. ಎಷ್ಟು ಗಟ್ಟಿ ಹೆಂಗಸು ಎಂದುಕೊಂಡೆ. ಕಾರಿನಲ್ಲಿ ನಾನು ಮುಂದೆ ಕೂತೆ, ಅವರಿಬ್ಬರೂ ಹಿಂದೆ. ದೇವನಹಳ್ಳಿ ದಾಟಿದ ಮೇಲೆ ಆಕೆ ಗಂಟನ್ನು ಬಿಚ್ಚಿ ಮೇಷ್ಟ್ರಿಗೆ ತೋರಿಸಿದರು. ಅದರಲ್ಲಿ ಒಂದು ಚೀಲ ಅಕ್ಕಿ, ಒಂದು ಭರಣಿ ಉಪ್ಪಿನಕಾಯಿ. ಅಲ್ಲಿ ಕಾಯಿಲೆಯವರಿಗೆ ಗಂಜಿಯ ಜೊತೆ ಕೊಡುವ, ಉಪ್ಪಿನಲ್ಲಿ ಹಾಕಿಟ್ಟ ಕೆಂಪು ಹಣ್ಣುಗಳು.

"ಸೆನ್ಸೇ, ಅವನಿಗೆ ಈಗ ಬಾಯಲ್ಲಿ ತಿನ್ನಲು ಆಗುತ್ತದೆಯೇ?" ಎಂದು ಆಕೆ ಕೇಳಿದರು. ಸೆನ್ಸೇ ಎಂದರೆ ಮೇಷ್ಟ್ರೇ ಎಂದು.

ನಾನು ತಿರುಗಿ ನೋಡಿದೆ. ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. ಆ ಮರದ ಕೆಳಗೆ ನಿಂತು ಅವರು ಹೇಳಿದ್ದೇನು ಎಂಬುದು ಆಗ ನನಗೆ ಹೊಳೆಯಿತು, ಅದೇ ಗಳಿಗೆಯಲ್ಲಿ ಅವರಿಗೂ ಹೊಳೆಯಿತು. ನಿಮ್ಮ ಮಗನಿಗೆ ಅಪಘಾತವಾಗಿದೆ, ತುಂಬ ಗಂಭೀರವಾಗಿದೆ, ಬೇಗ ಹೊರಟು ಬನ್ನಿ. ಒಂದು ತಪ್ಪೂ ಇಲ್ಲದ ಜಪಾನಿಯಲ್ಲಿ ಅವರು ಶಿಡ್ಲಘಟ್ಟದ ಮಾತನ್ನು ಆಡಿದ್ದರು. ಆ ತಾಯಿ ಅದನ್ನು ಇದ್ದ ಹಾಗೆಯೇ ನಂಬಿದ್ದರು. ರಾತ್ರಿಯಿಡೀ ವಿಮಾನದಲ್ಲಿ ಅಕ್ಕಿ, ಭರಣಿ ಇಟ್ಟುಕೊಂಡು ಮಗ ಬದುಕಿದ್ದಾನೆ ಎಂದು ಬಂದಿದ್ದರು.

ಮೇಷ್ಟ್ರು ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ನನ್ನ ಕಡೆ ನೋಡಿದರು; ನನಗೆ ತಾನೇ ಏನು ಹೇಳಲು ಬರುತ್ತದೆ? ಕಾರು ಓಡುತ್ತಲೇ ಇತ್ತು. ಡ್ರೈವರನಿಗೆ ಇದ್ಯಾವುದೂ ಗೊತ್ತಿಲ್ಲ, ಆತ ರೇಡಿಯೊ ಹಾಕಿದ್ದ. ನಂದಿ ಬೆಟ್ಟ ಕಂಡಾಗ ಆ ತಾಯಿ, ನಮ್ಮ ಊರಿನ ಬೆಟ್ಟದ ಹಾಗೆಯೇ ಇದೆ, ಮಗ ಫೋಟೊ ಕಳಿಸಿದ್ದ ಎಂದರು. ಮೇಷ್ಟ್ರು "ಹೌದು" ಎಂದರು. ಆ ದಾರಿಯಲ್ಲಿ ಅವರ ಬಾಯಿಂದ ಬಂದದ್ದು ಅದೊಂದೇ ಮಾತು. ಕಾರು ಆಸ್ಪತ್ರೆಯ ಮುಂಬಾಗಿಲು ಬಿಟ್ಟು ಹಿಂದಿನ ಕಟ್ಟಡದ ಕಡೆ ತಿರುಗಿದಾಗ ಆಕೆಯ ಕೈ ಭರಣಿಯ ಮೇಲೆ ನಿಂತಿತು. ಶವಾಗಾರ ಎಂಬ ಬೋರ್ಡನ್ನು ಓದಲು ಆಕೆಗೆ ಯಾವ ಭಾಷೆಯೂ ಬೇಕಾಗಲಿಲ್ಲ.

ಕಾರಿನಿಂದಿಳಿದು ಆಕೆ ಮೇಷ್ಟ್ರ ಎದುರು ನಿಂತು ಮೆಲ್ಲಗೆ ಹೇಳಿದರು. "ಸೆನ್ಸೇ, ಬೇಗ ಬನ್ನಿ ಎಂದಿರಿ. ಬೇಗ ಬಂದೆನಲ್ಲ."

ಯಾರಿಗೆ ಎಷ್ಟು ಬಾಗಬೇಕು, ತಲೆ ಎಷ್ಟು, ಸೊಂಟ ಎಷ್ಟು ಎಂದು ನಮಗೆ ವರ್ಷವಿಡೀ ಕಲಿಸಿದ ಮೇಷ್ಟ್ರಿಗೆ ಅಲ್ಲಿ ಬಾಗಬೇಕೋ, ಕೈಮುಗಿಯಬೇಕೋ, ಕಾಲು ಹಿಡಿಯಬೇಕೋ ತಿಳಿಯಲಿಲ್ಲ. ಕೈಗಳನ್ನು ಎಲ್ಲಿಟ್ಟುಕೊಳ್ಳುವುದೆಂದು ಗೊತ್ತಾಗದವರಂತೆ ಶರಟಿನ ತುದಿ ಹಿಡಿದು ನಿಂತಿದ್ದರು. ನಾನು ಆಕೆಯ ತೋಳು ಹಿಡಿದುಕೊಂಡು ಒಳಗೆ ಹೋದೆ.

ಕಾಗದಪತ್ರಗಳು ಮುಗಿಯುವವರೆಗೆ ಆ ತಾಯಿ ಮೇಷ್ಟ್ರ ಮನೆಯಲ್ಲಿದ್ದರು. ಅಮ್ಮಾವರಿಗೂ ಆಕೆಗೂ ನಡುವೆ ಒಂದು ಶಬ್ದವೂ ಇರಲಿಲ್ಲ. ಆಕೆ ಏನೂ ತಿನ್ನುತ್ತಿಲ್ಲ ಎಂದು ಅಮ್ಮಾವರು, ಆಕೆ ತಂದಿದ್ದ ಅಕ್ಕಿಯಲ್ಲೇ ಗಂಜಿ ಮಾಡಿ, ಆ ಕೆಂಪು ಹಣ್ಣು ಒಂದನ್ನು ಮೇಲಿಟ್ಟು ಮುಂದೆ ತಂದಿಟ್ಟರು. ಆಕೆ ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ತಿಂದರು. ಸಂಜೆ ಪಕ್ಕದ ಮನೆಯ ಬಾಗಿಲಲ್ಲಿ ನಿಂತು, ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಕೇಳುತ್ತಾ, ಚಿಕ್ಕವಳಿದ್ದಾಗ ನಮ್ಮ ಮನೆಯ ಅಟ್ಟದಲ್ಲೂ ಇದೇ ಸದ್ದು ಇತ್ತು ಎಂದು ನನಗೆ ಹೇಳಿದರು. ಮೇಷ್ಟ್ರು ಬೇರೆ ದಿನವಾಗಿದ್ದರೆ ಈ ಮಾತಿಗೆ ಕುಣಿದಾಡಿಬಿಡುತ್ತಿದ್ದರು. ಆ ದಿನ ಒಳಕೋಣೆಯಿಂದ ಹೊರಗೆ ಬರಲಿಲ್ಲ.

ಅವರು ನನ್ನೊಡನೆ ಆ ವಿಷಯ ಮಾತಾಡಿದ್ದು ಆಕೆ ಚಿತಾಭಸ್ಮ ತೆಗೆದುಕೊಂಡು ಹೊರಟುಹೋದ ಮೇಲೆ. "ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ ಕಣಮ್ಮ. ಹೇಳಿಬಿಟ್ಟೆ ಅಂತ್ಲೇ ಅಂದ್ಕೊಂಡಿದ್ದೆ. ನಮ್ಮಪ್ಪ ಹೋದಾಗ ನಂಗೂ ಹಂಗೇ ತಾನೆ ಹೇಳಿದ್ದು. ಅವ್ರಿಗೆ ಅದು ಗೊತ್ತಿಲ್ಲ ಅಂತ ನಂಗೆ ಹೊಳೀಲೇ ಇಲ್ಲ. ಇಷ್ಟು ವರ್ಷ ಅವ್ರ ಮನೇಲಿ ಏನೇನಿದೆ ಅಂತ ಹುಡುಕ್ತಾ ಇದ್ದೆ. ನಮ್ಮನೇದು ಕಾಣ್ಲಿಲ್ಲ ನೋಡು."

ನಾನು ಸಮಾಧಾನ ಹೇಳಲು ಹೋದೆ. ಏನೆಂದು ಹೇಳುವುದು? ಹಾಗೆ ಹೇಳಿದ್ದರಿಂದ ಹುಡುಗ ಸತ್ತದ್ದಲ್ಲ ಎಂದೆ. "ಸಾಯ್ಲಿಲ್ಲ. ಆದ್ರೆ ಒಂದ್ಸಲ ಸತ್ತೋನ್ನ ಅವ್ರಿಗೆ ಎರಡ್ಸಲ ಸಾಯ್ಸಿದೆ" ಎಂದರು.

ಆಮೇಲೆ ಮೇಷ್ಟ್ರು ಸಂಸ್ಕೃತಿಯ ಪಾಠ ಮಾಡುವುದನ್ನು ಬಿಟ್ಟುಬಿಟ್ಟರು. ನಿವೃತ್ತಿಯವರೆಗೆ ಬರೀ ವ್ಯಾಕರಣ. ಕಾಫಿ ಬೇಡವೆನ್ನುವ ಅತಿಥಿಯನ್ನು ಕಿರಿಯ ವಿದ್ಯಾರ್ಥಿಗಳು ನೋಡಲೇ ಇಲ್ಲ. ಪ್ರತಿ ವರ್ಷ ಕೆಂತ ಹೋದ ದಿನ ಬಂದಾಗ ಆ ತಾಯಿಗೆ ಫೋನ್ ಮಾಡುತ್ತಿದ್ದರು. ನಾನು ಎದುರಿಗಿದ್ದಾಗಲೂ ಮಾಡಿದ್ದುಂಟು. ಆ ಕಡೆ ಹಿಮ ಬಿದ್ದಿದೆಯೇ, ಈ ಕಡೆ ಬಿಸಿಲು ಹೇಗಿದೆ, ಇಷ್ಟೇ ಮಾತು. ಪ್ರತಿ ಸಲವೂ ಆಕೆ ಒಮ್ಮೆ ನಮ್ಮೂರಿಗೆ ಬನ್ನಿ ಎಂದು ಕರೆಯುತ್ತಿದ್ದರು. ಮೇಷ್ಟ್ರು ಜಪಾನಿಯಲ್ಲಿ "ಸ್ವಲ್ಪ…" ಎಂದು ಅರ್ಧಕ್ಕೆ ಬಿಡುತ್ತಿದ್ದರು. "ಈಗಲಾದ್ರೂ ಹೋಗಿ ಬನ್ನಿ ಸಾರ್" ಎಂದು ಗೋಗರೆದರೆ, "ಯಾವ ಮುಖ ಇಟ್ಕೊಂಡು ಹೋಗ್ಲಿ?" ಎನ್ನುತ್ತಿದ್ದರು. ಕ್ಷಮಿಸಿ ಎಂದು ಕೇಳಲು ಅವರಿಗೆ ಬಾಯಿ ಬರಲಿಲ್ಲ. ಕ್ಷಮಿಸಿದ್ದೇನೆ ಎಂದು ಹೇಳುವ ಸಂದರ್ಭ ಆಕೆಗೂ ಬರಲಿಲ್ಲ.

ಕಳೆದ ವರ್ಷ ಹುಷಾರು ತಪ್ಪಿದಾಗ ನನ್ನನ್ನು ಕರೆಸಿಕೊಂಡರು. "ನಂಗೇನಾದ್ರೂ ಆದ್ರೆ ಆ ತಾಯಿಗೆ ನೀನೇ ಫೋನ್ ಮಾಡ್ಬೇಕು. ನೆಟ್ಟಗೆ ಹೇಳ್ಬೇಕು. ಸೀರಿಯಸ್ಸು ಗೀರಿಯಸ್ಸು ಅಂತ ಹೇಳ್ಕೂಡದು. ಮೊದಲ್ನೇ ಮಾತೇ ತೀರ್ಕೊಂಡ್ರು ಅಂತ ಇರ್ಬೇಕು. ಎಲ್ಲಿ, ಹೇಳು." ಹಾಸಿಗೆಯ ಮೇಲೆ ಮಲಗಿಕೊಂಡೇ ತಮ್ಮ ಸಾವಿನ ಸುದ್ದಿಯನ್ನು ಜಪಾನಿಯಲ್ಲಿ ನನ್ನಿಂದ ಹೇಳಿಸಿದರು. ಒಂದು ಪದ ನೆಟ್ಟಗಿಲ್ಲವೆಂದು ತಿದ್ದಿ, ಮತ್ತೆ ಹೇಳಿಸಿದರು. ಅಮ್ಮಾವರಿಗೂ ಅದೇ ಆಣತಿ: "ನಾನು ಹೋದ್ರೆ ಹೋದ್ರು ಅಂತ್ಲೇ ಎಲ್ಲರಿಗೂ ಹೇಳ್ಬೇಕು."

ಅಮ್ಮಾವರ ಫೋನು ಬಂದ ಆ ಬೆಳಿಗ್ಗೆ ನಾನು ಶಿಡ್ಲಘಟ್ಟದ ಮನೆ ತಲುಪಿದಾಗ ಮೇಷ್ಟ್ರನ್ನು ಹಜಾರದಲ್ಲಿ ಮಲಗಿಸಿದ್ದರು. ಅಮ್ಮಾವರು ನನ್ನ ಕೈ ಹಿಡಿದುಕೊಂಡು, "ಹೋದ್ರು ಅಂತ್ಲೇ ಅನ್ನು ಅಂದಿದ್ರು ಕಣಮ್ಮ. ನನ್ ಬಾಯಲ್ಲಿ ಬರ್ಲೇ ಇಲ್ಲ" ಎಂದು ಅತ್ತರು. ಪರವಾಗಿಲ್ಲ ಬಿಡಿ, ನನಗೆ ಗೊತ್ತಾಯಿತಲ್ಲ ಎಂದೆ.

ಎಲ್ಲ ಮುಗಿಸಿ ಬಂದ ಮೇಲೆ ಸಂಜೆ ಅಂಗಳದಲ್ಲಿ ನಿಂತು ಜಪಾನಿನ ನಂಬರು ಒತ್ತಿದೆ. ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಮೇಷ್ಟ್ರು ತಿದ್ದಿದ ಪದವೂ ಸೇರಿ. ಆ ಕಡೆ ಫೋನೆತ್ತಿದ ದನಿ ಮುದಿಯಾಗಿತ್ತು. ನಾನು ಯಾರೆಂದು ಹೇಳಿದ ಕೂಡಲೇ ಆಕೆ ಸಂತೋಷದಿಂದ ಕೇಳಿದರು. "ಸೆನ್ಸೇ ಹೇಗಿದ್ದಾರೆ? ಊಟ ಸೇರುತ್ತಿದೆಯೇ?"

ವಾಕ್ಯ ಅಲ್ಲೇ ನಿಂತಿತು. ನೂಕಿದರೂ ಹೊರಗೆ ಬರಲಿಲ್ಲ. ನನ್ನ ಅಜ್ಜಿ ಆಡುತ್ತಿದ್ದ ಮಾತು, ನನ್ನ ತಾಯಿ ಆಡಿದ ಮಾತು, ಬೆಳಿಗ್ಗೆ ಅಮ್ಮಾವರು ಆಡಿದ ಮಾತು, ಅದೇ ಬಂತು. "ಸೆನ್ಸೇಗೆ ತುಂಬ… ಗಂಭೀರವಾಗಿದೆ" ಎಂದೆ. ಹೇಳಿದ ಮೇಲೆ ಹಣೆ ಚಚ್ಚಿಕೊಳ್ಳಬೇಕು ಎನಿಸಿತು. ಮೇಷ್ಟ್ರು ಇನ್ನೂ ಒಳಗೆ ಮಲಗಿದ್ದಾರೇನೋ, ಕೇಳಿಸಿಕೊಂಡರೇನೋ ಎಂದು ಹಜಾರದ ಕಡೆ ತಿರುಗಿ ನೋಡಿದೆ.

ಆಕೆ, ಹೊರಟು ಬರಲೇ ಎಂದು ಕೇಳಲಿಲ್ಲ, ಯಾವ ಆಸ್ಪತ್ರೆ ಎಂದೂ ಕೇಳಲಿಲ್ಲ.

"ಯಾವಾಗ ಹೋದರು ಮಗಳೇ?" ಎಂದರು.